ಎಂಬತ್ತೇಳನೆಯ ಪುಟದ ಕೆಂಪು ಸಾಲು

ತಂಪು ಹಗೇವು, ಧಾರವಾಡ
ಆಗಸ್ಟ್ ೩೨, ೨೨೩೧, ಹುಬ್ಬೆ ಮಳೆ

ಶಮೀಮಬಾನು ನದಾಫ ಅಕ್ಕನವರಿಗೆ ಕಲ್ಲವ್ವ ಹಂಚಿನಾಳ ಮಾಡುವ ಶರಣು.

ತಾರೀಖು ನೋಡಿ, ಮುದುಕಿಗೆ ಅರವತ್ತರ ಅರಳುಮರುಳು ಎಂದುಕೊಳ್ಳಬೇಡಿ. ನನಗೆ ಅರವತ್ತೊಂದು ನಿಜ, ಆದರೆ ತಾರೀಖು ಸರಿಯಾಗಿಯೇ ಇದೆ. ನಮ್ಮ ಆಗಸ್ಟಿಗೆ ಮೂವತ್ತಮೂರು ದಿನ. ಕೊನೆಯ ಎರಡನ್ನು ನೀರು ಚೆಲ್ಲುವ ದಿನಗಳು ಎನ್ನುತ್ತೇವೆ. ಆ ಎರಡು ದಿನ ಶಾಲೆ, ಕಚೇರಿ ಯಾವುದೂ ಇಲ್ಲ. ಊರಿಗೆ ಊರೇ ತೊಟ್ಟಿ, ಕೊಡ, ಹೂಕುಂಡದ ತಟ್ಟೆ, ನಾಯಿಯ ಬೋಗುಣಿಯನ್ನೂ ಬಿಡದೆ, ಸೊಳ್ಳೆ ಮೊಟ್ಟೆಯಿಡದಿರಲೆಂದು ಬೋರಲು ಹಾಕುತ್ತದೆ. ದುಡಿಮೆಯ ದಿನಗಳ ಜೊತೆ ಇವನ್ನು ಬೆರೆಸಬಾರದೆಂದು ಹಿರಿಯರು ಜನವರಿಯಿಂದ ಒಂದು, ಮೇ ತಿಂಗಳಿಂದ ಒಂದು ದಿನ ಕಿತ್ತು ಆಗಸ್ಟಿಗೆ ಹೊಲಿದರು. ನಿಮ್ಮ ರಿಜಿಸ್ಟರಿನ ಮೊದಲ ಪುಟದ ಪ್ರಕಾರ ನಿಮಗೆ ಇಪ್ಪತ್ತೇಳು ವರ್ಷ. ನಿಮ್ಮನ್ನು ತಂಗಿ ಅನ್ನಲೋ, ಮುತ್ತಜ್ಜಿಗೂ ಮುತ್ತಜ್ಜಿ ಅನ್ನಲೋ ತಿಳಿಯದೆ ಒಂದು ಬೆಳಗು ಪೂರ್ತಿ ಕಳೆದು, ಕೊನೆಗೆ ಅಕ್ಕ ಎಂದು ತೀರ್ಮಾನಿಸಿದೆ. ಪತ್ರದ ತಲೆಯಲ್ಲಿ ಉಭಯ ಕುಶಲೋಪರಿ ಎಂದು ಬರೆಯುವ ರೂಢಿ ನಮ್ಮಲ್ಲಿ ಇನ್ನೂ ಉಳಿದಿದೆ. ಆದರೆ ಇನ್ನೂರೈದು ವರ್ಷ ಹಿಂದಿನವರ ಕುಶಲವನ್ನು ನಾನು ಯಾವ ಬಾಯಿಂದ ಬರೆಯಲಿ? ನಮ್ಮ ಕಡೆಯ ಕುಶಲವನ್ನಷ್ಟೇ ಹೇಳುತ್ತೇನೆ, ಅದು ನಿಮ್ಮಿಂದ ಬಂದದ್ದು. ನಡುವೆ ನೀವು ಕೇಳಿರದ ಮಾತುಗಳು ಬಂದಾವು. ಅಲ್ಲಲ್ಲೇ ಬಿಡಿಸಿ ಹೇಳುವೆ, ಒರಟು ಕಂಡರೆ ಕ್ಷಮಿಸಿ.

ಹಗೇವು ಎಂದರೆ ನಿಮಗೆ ಗೊತ್ತಿರಬೇಕು, ನಿಮ್ಮ ಅಜ್ಜಂದಿರು ನೆಲದಡಿ ಜೋಳ ತುಂಬಿಡುತ್ತಿದ್ದ ಕುಣಿ. ನಮ್ಮ ತಂಪು ಹಗೇವೂ ನೆಲದಡಿಯೇ ಇದೆ, ಆದರೆ ಅದರಲ್ಲಿ ಜೋಳವಿಲ್ಲ. ನಿಮ್ಮ ಕಾಲದ ಪ್ರಯೋಗಾಲಯಗಳು ದ್ರವ ಸಾರಜನಕದ ಕ್ಯಾನುಗಳಲ್ಲಿ ಇಟ್ಟುಹೋದ ಜೀವಕೋಶಗಳು, ಕಿರುಬೆರಳಿನಷ್ಟು ಟ್ಯೂಬುಗಳಲ್ಲಿ, ಅಲ್ಲಿ ನಿದ್ದೆ ಮಾಡುತ್ತಿವೆ. ಇಪ್ಪತ್ತೆಂಟು ವರ್ಷಗಳಿಂದ ಅವನ್ನು ಕಾಯುವ ಕೆಲಸ ನನ್ನದು. ಈ ಕೆಲಸಕ್ಕೆ ಎರಡು ಕಟ್ಟಳೆಗಳಿವೆ. ಯಾವುದೇ ಟ್ಯೂಬನ್ನು ಎಬ್ಬಿಸುವ ಮೊದಲು, ಅದನ್ನು ಇಟ್ಟವರ ರಿಜಿಸ್ಟರನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ಇದಕ್ಕೆ ಕೈ ಓದುವುದು ಎಂದು ಹೆಸರು. ಎರಡನೆಯದು, ಟ್ಯೂಬು ತೆಗೆದ ಮೇಲೆ ಪೆಟ್ಟಿಗೆಯಲ್ಲಿ ಆ ಮನೆ ಖಾಲಿ ಬಿಡಬಾರದು. ಇಟ್ಟವರಿಗೆ ಒಂದು ಪತ್ರ ಬರೆದು, ಸುರುಳಿ ಸುತ್ತಿ, ಅದೇ ಮನೆಯಲ್ಲಿ ಇಡಬೇಕು. ನಾನು ಬರೆಯುತ್ತಿರುವುದು ಅಂಥ ಪತ್ರ. ಇದು ನಿಮ್ಮ ಕೈ ಸೇರುವ ದಾರಿ ಯಾವುದೂ ನನಗೆ ಗೊತ್ತಿಲ್ಲ. ಆದರೂ ಸೇರೀತು ಎಂದೇ ನಂಬಿ ಬರೆಯುವುದು ನಮ್ಮ ಪದ್ಧತಿ.

ನಮ್ಮ ಊರಿನ ಬದುಕು ಹೇಗಿದೆ ಎಂದು ಕೇಳುವಿರಾದರೆ, ನಿಮಗೆ ನಗು ಬರುವಂಥದ್ದು ಬಹಳ ಇದೆ. ಬೀದಿಗಳಿಗೆಲ್ಲ ಬಳ್ಳಿಯ ಚಪ್ಪರ ಹಾಕಿದ್ದೇವೆ, ಬಿಸಿಲು ತಾಳಲಾಗದು. ಶಾಲೆ ಕೋಳಿ ಕೂಗುವಾಗ ಶುರುವಾಗಿ ಹೊತ್ತೇರುವುದರೊಳಗೆ ಮುಗಿಯುತ್ತದೆ. ಮದುವೆಯಲ್ಲಿ ಸೊಸೆ ತವರಿನಿಂದ ಒಂದು ಕೊಡ ಗಪ್ಪಿ ಮೀನು ತಂದು ಗಂಡನ ಮನೆಯ ತೊಟ್ಟಿಗೆ ಬಿಡಬೇಕು. ಸೊಳ್ಳೆಮರಿ ತಿನ್ನಲಿ ಎಂದು ಶುರುವಾದದ್ದು ಈಗ ಶಾಸ್ತ್ರವಾಗಿದೆ. ನನ್ನ ಬೀಗರು ತಂದ ಕೊಡದಲ್ಲಿ ಒಂಬತ್ತೇ ಮೀನಿದ್ದವು ಎಂದು ನಮ್ಮತ್ತಿಗೆ ಇನ್ನೂ ಆಡಿಕೊಳ್ಳುತ್ತಾಳೆ. ಜೋಳದ ರೊಟ್ಟಿ ಹಾಗೇ ಇದೆ, ಬಡಿಯುವವರ ಕೈ ಮಾತ್ರ ಸೋತಿದೆ. ಎಲ್ಲರ ಮಣಿಕಟ್ಟಿನಲ್ಲೂ ಕೈಗಾವಲು ಎಂಬ ಪಟ್ಟಿ ಇರುತ್ತದೆ. ಮೈ ಬಿಸಿಯಾದರೆ ಅದು ಬೆವರು ನೋಡಿ ಯಾವ ಜ್ವರ ಎಂದು ಹೆಸರು ಹೇಳುತ್ತದೆ. ಅದಕ್ಕೆ ಹನ್ನೊಂದು ಜ್ವರ ಗೊತ್ತು. ಹನ್ನೆರಡನೆಯದಾಗಿ ಡೆಂಗೀ ಇತ್ತಂತೆ. ನೂರು ವರ್ಷದಿಂದ ಒಬ್ಬರಿಗೂ ಬಂದಿಲ್ಲ, ಜಾಗ ದಂಡ ಎಂದು ನನ್ನ ಅಜ್ಜಿಯ ಕಾಲದಲ್ಲಿ ತೆಗೆದುಹಾಕಿದರು. ಡೆಂಗೀ ಎಂಬ ಪದವನ್ನೇ ನಮ್ಮ ಮಕ್ಕಳು ಕೇಳಿರಲಿಲ್ಲ.

ಈ ಸಲ ಆಶ್ಲೇಷಾ ಮಳೆಯಲ್ಲಿ ಮದಿಹಾಳದಲ್ಲಿ ಜ್ವರ ಎದ್ದಿತು. ಕೈಗಾವಲು ಗೊತ್ತಿಲ್ಲ ಎಂದಿತು. ಲಕ್ಷಣಗಳು ನೂಲುಜ್ವರದವು, ಮೊದಲ ದಿನಗಳಲ್ಲಿ ಅದನ್ನೂ ಕೈಗಾವಲು ಎಷ್ಟೋ ಸಲ ಗುರುತಿಸದು. ನೂಲುಜ್ವರವೆಂದರೆ ರಕ್ತ ನಾಳದೊಳಗೇ ಎಳೆಯೆಳೆಯಾಗಿ ಹೆಪ್ಪುಗಟ್ಟುವ ನಮ್ಮ ಕಾಲದ ಕಾಯಿಲೆ. ಅದಕ್ಕೆ ಮೂರನೆಯ ದಿನ ಮುಗಿಯುವುದರೊಳಗೆ ರಕ್ತ ತೆಳು ಮಾಡುವ ಮದ್ದು ಕೊಡಬೇಕು, ಕೊಡದಿದ್ದರೆ ರೋಗಿ ಉಳಿಯುವುದಿಲ್ಲ. ಮದಿಹಾಳದ ಮೂವರಿಗೆ ಕೊಟ್ಟರು. ಮೂವರೂ ಒಸಡಿನಿಂದ, ಮೂಗಿನಿಂದ ರಕ್ತ ಸುರಿದು ತೀರಿಕೊಂಡರು. ನಮ್ಮ ಓಣಿಯ ಡಾಕ್ಟರ್ ಈರಪಣ್ಣ ಕಮ್ಮಾರ ಹಳೆಯ ಪುಸ್ತಕ ತಿರುವಿಹಾಕಿ, ಇದು ನೂಲುಜ್ವರವಲ್ಲ, ಸತ್ತುಹೋಯಿತೆಂದುಕೊಂಡ ಡೆಂಗೀ ಇರಬೇಕು ಎಂದ. ಡೆಂಗೀಗೆ ರಕ್ತ ತೆಳು ಮಾಡುವ ಮದ್ದು ವಿಷ. ಆದರೆ ಇರಬೇಕು ಎಂಬ ಮಾತಿನ ಮೇಲೆ ಮದ್ದು ನಿಲ್ಲಿಸಲು ಯಾವ ವೈದ್ಯ ಒಪ್ಪಿಯಾನು? ಹೊಸ ಪರೀಕ್ಷೆ ಕಟ್ಟುವ ಯಂತ್ರಗಳು ಬೆಂಗಳೂರಿನಲ್ಲಿವೆ, ಅವು ಒಂಬತ್ತು ದಿನ ಕೇಳಿದವು. ಅಷ್ಟರಲ್ಲಿ ನನ್ನ ಮೊಮ್ಮಗಳು ಚಿಗರಿ ಶಾಲೆಯಿಂದ ಬಂದವಳೇ ಚೀಲ ಬಿಸಾಡಿ ಮಲಗಿದಳು. ಒಂಬತ್ತು ವರ್ಷದ ಹುಡುಗಿ, ಒಂದು ಕಡೆ ಕೂತವಳಲ್ಲ. “ಅಜ್ಜಿ, ಕಣ್ಣ ಹಿಂದ ನೋಯ್ತೈತಿ,” ಎಂದಳು. ಕಣ್ಣಿನ ಹಿಂದೆ ನೋವು ಎಂಬುದು ಈರಪಣ್ಣನ ಹಳೆಯ ಪುಸ್ತಕದಲ್ಲಿ ಮೊದಲ ಸಾಲಿನಲ್ಲೇ ಇತ್ತು.

ಮರುದಿನ ಬೆಳಿಗ್ಗೆ, ಅವಳ ಜ್ವರದ ಎರಡನೆಯ ದಿನ, ನಾವಿಬ್ಬರೂ ಹಗೇವಿಗೆ ಇಳಿದೆವು. ಡೆಂಗೀ ವೈರಸ್ಸಿನ ಮೈಮೇಲಿನ ಹೊದಿಕೆಯಲ್ಲಿ ಒಂದು ಪ್ರೋಟೀನು ಇದೆ. ಅದನ್ನು ಹುಡುಕಿ ಹೋಗಿ ಅಂಟಿಕೊಳ್ಳುವ ಪ್ರತಿಕಾಯವನ್ನು ಮಾಡುವ ಕೋಶಗಳು ಇಡೀ ಸೀಮೆಯಲ್ಲಿ ಉಳಿದಿದ್ದದ್ದು ನಿಮ್ಮ ಪೆಟ್ಟಿಗೆಯಲ್ಲಿ ಮಾತ್ರ. ಅದರಲ್ಲಿ ಎರಡೇ ಟ್ಯೂಬು, ನಿಮ್ಮ ಕೈಬರಹದ ಚೀಟಿ: ಸಿ-೪, ಎಫ್-೯. ನಮ್ಮ ಕ್ಯಾಟಲಾಗಿನಲ್ಲಿ ಸಿ-೪ರ ಮುಂದೆ ಉತ್ತಮ ಎಂದಿತ್ತು, ಎಫ್-೯ರ ಮುಂದೆ ನಿರುಪಯೋಗಿ ಎಂದಿತ್ತು. ಕೋಶ ಬೆಳೆಸುವ ಬೆಳೆತೊಟ್ಟಿಲು ಧಾರವಾಡಕ್ಕೆಲ್ಲ ಒಂದೇ ಇದೆ. ನಿಮಗೆ ಎರಡು ವಾರ ಹಿಡಿಯುತ್ತಿದ್ದ ಬೆಳೆಯನ್ನು ಅದು ಹದಿನೆಂಟು ತಾಸಿನಲ್ಲಿ ತೆಗೆಯುತ್ತದೆ, ಆದರೆ ಒಂದು ಸಲಕ್ಕೆ ಒಂದೇ ಟ್ಯೂಬು ಹಿಡಿಯುತ್ತದೆ. ಎರಡನೆಯ ಸಲಕ್ಕೆ ಚಿಗರಿಯ ಹತ್ತಿರ ಸಮಯ ಇರಲಿಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು, ಅಕ್ಕಾ. ಹನ್ನೊಂದು ವರ್ಷದ ಹಿಂದೆ ಹಗೇವಿನಲ್ಲಿ ಜಾಗ ಸಾಲದಾದಾಗ, ಎಸೆಯಬೇಕಾದ ಟ್ಯೂಬುಗಳ ಪಟ್ಟಿ ಮಾಡಿದವಳು ನಾನೇ. ಅದರಲ್ಲಿ ನಿಮ್ಮ ಎಫ್-೯ ಇತ್ತು. ಸಹಿಯನ್ನೂ ಹಾಕಿದ್ದೆ. ಪಟ್ಟಿ ಸಮಿತಿಯ ಮುಂದೆ ಹೋದ ದಿನ ಹೆಸರುಕಾಳಿನ ರಾಶಿ ನಡೆದಿತ್ತು, ಸದಸ್ಯರೆಲ್ಲ ಹೊಲದಲ್ಲಿದ್ದರು, ಕೋರಂ ಆಗದೆ ಸಭೆ ಮುಂದೆ ಹೋಯಿತು. ಆಮೇಲೆ ಎಲ್ಲರೂ ಮರೆತರು, ನಾನೂ ಮರೆತೆ. ಆಗ ಸಮಿತಿಯವರ ಸೋಮಾರಿತನವನ್ನು ಬಾಯಿತುಂಬ ಬೈದಿದ್ದೆ. ಈಗ ಆ ಬೈಗುಳವನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಇನ್ನೊಂದು ಒಪ್ಪಿಗೆಯೂ ಇದೆ, ಇದು ಮೊದಲಿನದಕ್ಕಿಂತ ಕಷ್ಟದ್ದು. ಕೈ ಓದದೆ ಟ್ಯೂಬು ಮುಟ್ಟಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ಇದೇ ಈರಪಣ್ಣ ಹಿಂದೊಮ್ಮೆ ಹತ್ತು ಪುಟ ಹಾರಿಸಿ ಓದಿದ್ದಕ್ಕೆ ವಾರಗಟ್ಟಲೆ ಅವನ ಜೊತೆ ಮಾತು ಬಿಟ್ಟಿದ್ದೆ. ಆ ಬೆಳಿಗ್ಗೆ ಮಾತ್ರ ನಾನು ರಿಜಿಸ್ಟರನ್ನು ತೆರೆಯಲೂ ಇಲ್ಲ. ನೇರವಾಗಿ ಸಿ-೪ಕ್ಕೆ ಕೈ ಹಾಕಿದೆ. ಅವನು ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗೈ ಇಟ್ಟ. “ಅಜ್ಜಿ, ಹತ್ತು ವರ್ಷ ನಮಗೆಲ್ಲಾ ಕೈ ಓದ್ರಿ ಅಂತ ಬೈದೀರಿ. ಇವತ್ತ ನಿಮ್ಮ ಮೊಮ್ಮಗಳು ಅಂತ ಬಿಡಾಕ ಬರಂಗಿಲ್ಲ. ಕುಂದರ್ರಿ, ನಾ ಓದ್ತೀನಿ,” ಎಂದ. ನನಗೆ ಮೈ ಉರಿದುಹೋಯಿತು. “ನೀ ಓದೂದರಾಗ ಕೂಸು ಹೋದ್ರ ತಂದು ಕೊಡ್ತೀಯೇನು?” ಎಂದೆ. ಅವನು ದನಿ ಏರಿಸದೆ, “ತಪ್ಪು ಟ್ಯೂಬು ತಗದ್ರೂ ಹೋಗ್ತಾಳ್ರಿ,” ಎಂದ. ನಾನು ಕೂತೆ. ಮೊಂಡುತನದಲ್ಲಿ ಅವನು ನನ್ನನ್ನು ಮೀರಿಸಿದ್ದು ಅದೇ ಮೊದಲು.

ಹೀಗೆ ಎರಡೂವರೆ ತಾಸು ನಿಮ್ಮ ರಿಜಿಸ್ಟರು ಕೇಳಿದೆ. ಮೊದಮೊದಲು ಒಂದೊಂದು ಪುಟಕ್ಕೂ ಹಲ್ಲು ಕಡಿಯುತ್ತಿದ್ದೆ. ಬರಬರುತ್ತ ನೀವು ಎದುರಿಗೆ ಬಂದು ಕೂತಂತಾಯಿತು. ಮಳೆಯಲ್ಲಿ ಹುಬ್ಬಳ್ಳಿಯ ಬಸ್ಸು ತಪ್ಪಿ ತಡವಾಗಿ ಬಂದ ದಿನ ಬರೆದಿದ್ದೀರಿ. ಕರೆಂಟು ಹೋದಾಗ ಕೋಶ ಬೆಳೆಸುವ ಬೆಚ್ಚನೆಯ ಪೆಟ್ಟಿಗೆ ತಣ್ಣಗಾಗದಿರಲಿ ಎಂದು ನಿಮ್ಮ ಶಾಲು ಹೊದಿಸಿದ್ದನ್ನು ಬರೆದು, ಅದು ನಿಯಮದಲ್ಲಿಲ್ಲ ಎಂದೂ ಬರೆದಿದ್ದೀರಿ. ನಾಲ್ಕನೆಯ ನಂಬರಿನ ಇಲಿಯ ಗುಲ್ಮದಿಂದ ಕೋಶ ತೆಗೆದ ದಿನ ಪುಟದ ಅಂಚಿನಲ್ಲಿ “ಪಾಪ, ಸಣ್ಣದು” ಎಂದು ಬರೆದಿದ್ದೀರಿ. ಆ ಕೋಶಗಳನ್ನು ಸಾಯಲೊಲ್ಲದ ಕ್ಯಾನ್ಸರ್ ಕೋಶಗಳ ಜೊತೆ ಬೆಸೆದು, ತೊಂಬತ್ತಾರು ಮನೆಗಳ ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟಿನಲ್ಲಿ ಬಿತ್ತಿ, ಯಾವ ಮನೆಯ ಕೋಶ ಒಳ್ಳೆಯ ಪ್ರತಿಕಾಯ ಮಾಡುತ್ತದೆ ಎಂದು ಬಣ್ಣದಿಂದ ಪರೀಕ್ಷೆ ಮಾಡಿದಿರಿ. ಹಳದಿ ಬಂದ ಮನೆ ಗೆದ್ದಿತು. ಯಂತ್ರದ ಚೀಟಿಯಲ್ಲಿ ಸಿ-೪ರಲ್ಲಿ ಗಾಢ ಹಳದಿ. ಸಿ-೪ರ ಕೋಶಗಳನ್ನು ಬೆಳೆಸಿ ಹೆಪ್ಪುಗಟ್ಟಿಸಿದಿರಿ. ಏನೂ ಬಣ್ಣ ಬಾರದ ಎಫ್-೯ನ್ನು, ಹೋಲಿಸಿ ನೋಡಲು ಒಂದು ಸೊನ್ನೆಯೂ ಬೇಕೆಂದು, ಜೊತೆಗೆ ಒಂದು ಟ್ಯೂಬು ಇಟ್ಟಿರಿ. ಸಿ-೪ರ ಸುದ್ದಿಯನ್ನು ನಿಮ್ಮ ಸಾಹೇಬರು ಮೇಲಿನವರಿಗೆ ಕಳಿಸಿ ಆಗಿತ್ತು. ನಮ್ಮ ಕ್ಯಾಟಲಾಗು ಹುಟ್ಟಿದ್ದು ಆ ವರದಿಯಿಂದ.

ಎಂಬತ್ತೇಳನೆಯ ಪುಟಕ್ಕೆ ಬಂದಾಗ ಈರಪಣ್ಣ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದ. ಅಲ್ಲಿ ನೀಲಿ ಶಾಯಿಯಲ್ಲಿ “ಸಿ-೪ ಉತ್ತಮ. ಕೆಲಸ ಮುಗಿಯಿತು” ಎಂದು ಬರೆದು, ಆ ಸಾಲನ್ನು ಒಂದೇ ಗೆರೆಯಲ್ಲಿ ಹೊಡೆದು ಹಾಕಲಾಗಿದೆ. ಕೆಳಗೆ ಕೆಂಪು ಶಾಯಿಯಲ್ಲಿ ನಿಮ್ಮ ಕೈ ಹೀಗೆ ಬರೆದಿದೆ: “ಮತ್ತೊಮ್ಮೆ ನೋಡಿದರೆ ಸಿ-೪ರಲ್ಲಿ ಬಣ್ಣವೇ ಇಲ್ಲ. ಅವತ್ತು ಯಂತ್ರದೊಳಗೆ ಪ್ಲೇಟು ತಿರುಗುಮುರುಗಾಗಿ ಇಟ್ಟೀನಿ. ದಿಕ್ಕು ತೋರಿಸುವ ಮೂಲೆಯ ಕಚ್ಚು ನೋಡಲಿಲ್ಲ. ಹಳದಿ ಬಂದದ್ದು ಎಫ್-೯. ತಪ್ಪು ನಂದು. ೯ ಜುಲೈ ೨೦೨೬, ಸಂಜೆ ೫-೪೦. ಶ. ನದಾಫ.” ನನಗೆ ಒಮ್ಮೆಲೇ ಹೊಳೆಯಲಿಲ್ಲ. ಈರಪಣ್ಣ ಒಂದು ಕಾಗದದ ಮೇಲೆ ಎಂಟು ಸಾಲು ಹನ್ನೆರಡು ಕಂಬದ ಮನೆ ಗೀಚಿ, ಸಾಲಿಗೆ ಎ, ಬಿ, ಸಿ ಎಂದೂ ಕಂಬಕ್ಕೆ ಒಂದು, ಎರಡು ಎಂದೂ ಗುರುತು ಹಾಕಿ, ಕಾಗದವನ್ನು ತಲೆಕೆಳಗು ಮಾಡಿ ತೋರಿಸಿದ. ಚೌಕಾಬಾರದ ಮನೆಯನ್ನು ಎದುರು ಕೂತವರ ಕಡೆಯಿಂದ ನೋಡಿದಂತೆ, ಮೇಲಿನಿಂದ ಮೂರನೆಯ ಸಾಲು ಕೆಳಗಿನಿಂದ ಮೂರನೆಯದಾಗಿತ್ತು, ಎಡದಿಂದ ನಾಲ್ಕನೆಯದು ಬಲದಿಂದ ನಾಲ್ಕನೆಯದಾಗಿತ್ತು. ಸಿ-೪ ಕೂತ ಜಾಗಕ್ಕೆ ಎಫ್-೯ ಬಂದು ಕೂತಿತ್ತು. ಎರಡು ಶತಮಾನ ನಾವು ಉತ್ತಮವೆಂದು ಕಾದದ್ದು ಸೊನ್ನೆಯನ್ನು, ನಾನು ಎಸೆಯಲು ಹೊರಟದ್ದು ನಿಮ್ಮ ಪ್ರತಿಕಾಯವನ್ನು. ಎಫ್-೯ನ್ನು ಹೊರಗೆ ತೆಗೆದದ್ದು ಈರಪಣ್ಣ.

ಮರುದಿನ ಬೆಳಿಗ್ಗೆ ತೊಟ್ಟಿಲು ತೆರೆದೆವು. ನಿಮ್ಮ ಕೋಶಗಳು ನಿದ್ದೆಯಿಂದ ಎದ್ದು, ನಿನ್ನೆ ಮಲಗಿದವರ ಹಾಗೆ ಕೆಲಸ ಶುರು ಮಾಡಿದ್ದವು. ಪರೀಕ್ಷೆಯನ್ನು ನಿಮ್ಮ ರೀತಿಯಲ್ಲೇ, ನಿಮ್ಮ ಪುಟ ಮುಂದಿಟ್ಟುಕೊಂಡು ಮಾಡಿದೆವು. ಈ ಸಲ ಪ್ಲೇಟಿನ ಮೂಲೆಯ ಕಚ್ಚನ್ನು ಇಬ್ಬರೂ ಬೆರಳಿಟ್ಟು ಮುಟ್ಟಿ ನೋಡಿದೆವು. ಒಂದು ಮನೆಗೆ ಜ್ವರವೇ ಇಲ್ಲದ ನನ್ನ ರಕ್ತ, ಒಂದಕ್ಕೆ ಹಳೆಯ ನೂಲುಜ್ವರದವರದು, ಒಂದಕ್ಕೆ ಚಿಗರಿಯದು. ನನ್ನದು ನೀರಿನಂತೆ ಉಳಿಯಿತು. ನೂಲುಜ್ವರದ್ದೂ ಹಾಗೇ ಉಳಿಯಿತು. ಚಿಗರಿಯ ಮನೆ ಮೊದಲು ತಿಳಿನೀಲಿಯಾಗಿ, ಆಮ್ಲದ ಹನಿ ಬಿದ್ದೊಡನೆ ಅರಿಶಿನ ಕಲಸಿದ ಹಳದಿಯಾಯಿತು. ವೈರಸ್ಸು ಇನ್ನೂರು ವರ್ಷದಲ್ಲಿ ಬೇಕಾದಷ್ಟು ವೇಷ ಬದಲಿಸಿದೆ. ಆದರೆ ನಮ್ಮ ಕೋಶದ ಬಾಗಿಲು ತೆರೆದು ಒಳಗೆ ನುಗ್ಗಲು ಅದಕ್ಕೆ ಬೇಕಾಗುವ ಒಂದು ತುಣುಕು ಅದರ ಹೊದಿಕೆಯಲ್ಲಿದೆ, ಅದನ್ನು ಬದಲಿಸಿದರೆ ಅದೇ ಸಾಯುತ್ತದೆ. ನಿಮ್ಮ ಎಫ್-೯ ಹಿಡಿದದ್ದು ಸರಿಯಾಗಿ ಆ ತುಣುಕನ್ನು. ನಾನು ಜೀವನದಲ್ಲಿ ಜನರ ಮುಂದೆ ಅತ್ತವಳಲ್ಲ. ಆ ಹಳದಿ ನೋಡಿ ಅತ್ತೆ, ಈರಪಣ್ಣನ ಎದುರಿಗೇ ಅತ್ತೆ.

ಊರಲ್ಲೆಲ್ಲ ರಕ್ತ ತೆಳು ಮಾಡುವ ಮದ್ದು ನಿಲ್ಲಿಸಿದರು, ಚಿಗರಿಗೆ ಕೊಡಲೇ ಇಲ್ಲ. ಚಿಗರಿಗೆ ನೀರು, ಗಂಜಿ, ಸಲೈನು, ಕಾವಲು, ಇಷ್ಟೇ. ಐದನೆಯ ದಿನ ಬಹಳ ಬಳಲಿದಳು, ನನ್ನ ಕೈ ಹಿಡಿದುಕೊಂಡೇ ಇದ್ದಳು. ಏಳನೆಯ ದಿನ ಕಣ್ಣು ಬಿಟ್ಟು, “ಅಜ್ಜಿ, ನನಗ ಗಂಜಿ ಬ್ಯಾಡ, ಉಪ್ಪಿಟ್ಟು ಮಾಡು,” ಎಂದಳು. ಊರಿನಲ್ಲಿ ಇವತ್ತಿನವರೆಗೆ ನಲವತ್ತಾರು ಜನರ ರಕ್ತ ನಿಮ್ಮ ಪ್ಲೇಟಿನಲ್ಲಿ ಹಳದಿ ತೋರಿಸಿದೆ, ನಲವತ್ತಾರು ಜನರೂ ಬದುಕಿದ್ದಾರೆ. ಅವರಲ್ಲಿ ಹೊಸಯಲ್ಲಾಪುರದ ಒಬ್ಬ ಬಾಣಂತಿ ಮಗಳಿಗೆ ಶಮೀಮ ಎಂದು ಹೆಸರಿಟ್ಟಿದ್ದಾಳೆ. ಎಫ್-೯ ಈಗ ನಲವತ್ತು ಟ್ಯೂಬುಗಳಲ್ಲಿ, ನಾಲ್ಕು ಊರುಗಳ ಹಗೇವುಗಳಲ್ಲಿ ಮಲಗಿದೆ. ಕೈಗಾವಲಿನಲ್ಲಿ ಹನ್ನೆರಡನೆಯ ಜ್ವರಕ್ಕೆ ಮತ್ತೆ ಜಾಗ ಮಾಡುತ್ತಿದ್ದಾರೆ. ನಾಲ್ಕನೆಯ ನಂಬರಿನ ಆ ಸಣ್ಣ ಇಲಿಗೂ ನಾನು ಕೈ ಮುಗಿದಿದ್ದೇನೆ. ಉಪಕಾರ ಎಂಬ ಮಾತು ಇಷ್ಟಕ್ಕೆಲ್ಲ ಸಾಲದು, ಆದರೆ ನನ್ನ ಹತ್ತಿರ ಇರುವುದು ಅದೇ ಮಾತು.

ಇನ್ನು ನನ್ನ ಕೋರಿಕೆ. ಆ ಹೊಡೆದುಹಾಕಿದ ನೀಲಿ ಸಾಲನ್ನು ನಾನು ಎಷ್ಟೋ ಸಲ ಬೆರಳಿನಿಂದ ಸವರಿ ನೋಡಿದ್ದೇನೆ. ಅದನ್ನು ಬರೆಯುವಾಗ ನಿಮಗೆ ತಪ್ಪು ಆಗಲೇ ಗೊತ್ತಾಗಿತ್ತು ಎಂದು ನನಗೆ ಅನಿಸುತ್ತದೆ. ಅಕ್ಷರಗಳು ನಿಮ್ಮ ಉಳಿದ ಅಕ್ಷರಗಳ ಹಾಗಿಲ್ಲ, ಒತ್ತಿ ಒತ್ತಿ ಬರೆದಿದ್ದೀರಿ, ಕಾಗದದ ಹಿಂದೆ ಗುರುತು ಮೂಡಿದೆ. ವರದಿ ಹೋಗಿ ಆಗಿದೆ, ಸಾಹೇಬರು ಹೊಗಳಿ ಆಗಿದೆ, ಕೆಲಸ ಕಾಯಂ ಆಗಿಲ್ಲ ಎಂದು ನೀವೇ ಎರಡು ಪುಟ ಹಿಂದೆ ಬರೆದಿದ್ದೀರಿ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೆಂಪು ಸಾಲು ಬರೆದದ್ದಕ್ಕೆ ನಿಮಗೆ ಏನಾಯಿತೋ ನನಗೆ ಗೊತ್ತಿಲ್ಲ, ಏಕೆಂದರೆ ಅದರ ಮುಂದಿನ ಪುಟಗಳಲ್ಲಿ ಬೇರೆಯವರ ಕೈಬರಹ ಇದೆ. ಆ ಬೇರೆ ಕೈಬರಹ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಈ ಪತ್ರ ಬರೆದು ಮುಗಿಸಿದ ಮೇಲೆ ನಾನು ಹನ್ನೊಂದು ವರ್ಷದ ಹಿಂದಿನ ನನ್ನ ಪಟ್ಟಿಯನ್ನು ಹುಡುಕಿ ತೆಗೆದು, ನನ್ನ ಸಹಿಯ ಕೆಳಗೆ ಕೆಂಪಿನಲ್ಲಿ ತಪ್ಪು ನಂದು ಎಂದು ಬರೆಯುತ್ತೇನೆ. ಅರವತ್ತೊಂದರಲ್ಲಿ ಅದು ನನಗೆ ಕಷ್ಟ. ಇಪ್ಪತ್ತೇಳರಲ್ಲಿ, ಒಬ್ಬರೇ ಕೂತು, ನೀವು ಹೇಗೆ ಬರೆದಿರೋ.

ಬರೆದಾಗಿದೆ ಎಂದು ನನಗೆ ಗೊತ್ತು. ಆದರೂ ಕೇಳುತ್ತೇನೆ, ಏಕೆಂದರೆ ಆ ಸಂಜೆ ನಿಮ್ಮ ಪಕ್ಕದಲ್ಲಿ ನಿಂತು ಬರೆಯಿರಿ ಎನ್ನಲು ಯಾರೂ ಇರಲಿಲ್ಲ. ಹೇಗಾದರೂ, ಯಾವ ದಾರಿಯಿಂದಾದರೂ ಈ ಕಾಗದ ಐದೂ ನಲವತ್ತಕ್ಕೆ ಮೊದಲು ನಿಮ್ಮ ಮೇಜಿನ ಮೇಲೆ ಬಿದ್ದರೆ, ಆ ನೀಲಿ ಸಾಲನ್ನು ಹೊಡೆದುಹಾಕಿ, ಕೆಂಪು ಪೆನ್ನು ತೆಗೆದುಕೊಳ್ಳಿ. ನಿಧಾನವಾಗಿ, ಓದಲು ಬರುವ ಹಾಗೆ ಬರೆಯಿರಿ. ನಾವು ಇಲ್ಲಿ ಕಿವಿಗೊಟ್ಟು ಕೂತಿದ್ದೇವೆ, ಒಲೆಯ ಮೇಲೆ ಉಪ್ಪಿಟ್ಟಿದೆ, ಚಿಗರಿ ತಟ್ಟೆ ಹಿಡಿದು ನಿಂತಿದ್ದಾಳೆ.

ನಿಮ್ಮ ಕೈ ಓದಿದ,
ಕಲ್ಲವ್ವ ಹಂಚಿನಾಳ